ಸೋಪಿನ ಮಾತೆತ್ತದ ಭಾನುವಾರ

ಹಲ್ಲು ಮೇಸ್ತ್ರಿ ತನ್ನ ಷಡ್ಡಕನ ಮೇಲೆ ಸೇಡು ತೀರಿಸಿಕೊಳ್ಳುವುದೆಂದು ತೀರ್ಮಾನಿಸಿ ಆಗಲೇ ಮೂರು ತಿಂಗಳ ಮೇಲೆ ಹನ್ನೊಂದು ದಿನ ಕಳೆದಿತ್ತು. ತಡವಾದದ್ದು ಸಿಟ್ಟು ಇಳಿದದ್ದರಿಂದಲ್ಲ, ಉಪಾಯಗಳು ಹೆಚ್ಚಾದದ್ದರಿಂದ. ಕಟ್ಟುಹಲ್ಲಿನ ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂಬದಿಯಲ್ಲಿ ಇಪ್ಪತ್ತೇಳು ಉಪಾಯ ಬರೆದಿಟ್ಟಿದ್ದ. ಮೊದಲನೆಯದು ಷಡ್ಡಕನ ಲಾಂಡ್ರಿಯ ಇಸ್ತ್ರಿ ಮೇಜಿನ ಕೆಳಗೆ ಕೆಂಪಿರುವೆಗಳಿಗೆ ಮನೆ ಮಾಡಿಕೊಡುವುದು. ಹದಿನಾಲ್ಕನೆಯದಕ್ಕೆ ಎರಡು ಕತ್ತೆ ಬೇಕಾಗಿತ್ತು. ಇಪ್ಪತ್ತೇಳನೆಯದಕ್ಕೆ ಬರುವ ಹೊತ್ತಿಗೆ ಕೈಸೋತು ‘ಏನಾದರೂ ಒಂದು’ ಎಂದಷ್ಟೇ ಬರೆದಿದ್ದ.

ಇಷ್ಟಕ್ಕೆಲ್ಲ ಕಾರಣ ಒಂದು ಮೀನು.

ಮೇಸ್ತ್ರಿಯ ಅತ್ತೆ ಹಿರಿಮಗಳ ಮನೆಯಲ್ಲೇ, ಎಂದರೆ ಮೇಸ್ತ್ರಿಯ ಮನೆಯಲ್ಲೇ, ಇದ್ದರು. ಅವರ ಮಂಚದ ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಅಂಗೈಯಗಲದ ಒಂದು ಗೋಲ್ಡ್‌ಫಿಶ್, ವಯಸ್ಸು ಹನ್ನೊಂದು. ತೀರಿಹೋದ ಗಂಡ ಊಟದ ತಟ್ಟೆ ನೋಡಿ ಮುಖ ಸಿಂಡರಿಸುತ್ತಿದ್ದಂತೆಯೇ ಈ ಮೀನೂ ಸಿಂಡರಿಸುತ್ತದೆ ಎಂದು ಅತ್ತೆ ಅದನ್ನು ‘ಯಜಮಾನ್ರು’ ಎಂದು ಕರೆಯುತ್ತಿದ್ದರು. ಯಜಮಾನ್ರು ಅತ್ತೆಯ ಜೊತೆ ಟೀವಿ ಧಾರಾವಾಹಿ ನೋಡುತ್ತಿದ್ದರು, ಜಾಹೀರಾತು ಬಂದಾಗ ಬೆನ್ನು ತಿರುಗಿಸುತ್ತಿದ್ದರು. ಇದು ಸುಳ್ಳೆನ್ನುವವರು ಅತ್ತೆಯ ಎದುರು ನಿಂತು ಹೇಳಬೇಕು.

ತೊಟ್ಟಿಯೊಳಗೆ ಏಳು ಕಲ್ಲು. ಎಂಟು ವರ್ಷದ ಹಿಂದೆ ಮೇಸ್ತ್ರಿಯೇ ಹೊಳೆದಂಡೆಯಿಂದ ಆರಿಸಿ ತಂದು, ಒಂದೊಂದನ್ನೂ ಬಾಯೊಳಗೆ ಇಡುವ ಹಲ್ಲಿನಷ್ಟೇ ಜತನದಿಂದ ಶುದ್ಧ ಮಾಡಿ ಜೋಡಿಸಿದ್ದು. ಯಜಮಾನ್ರು ಮಧ್ಯಾಹ್ನ ಮಲಗುತ್ತಿದ್ದುದು ಮೂರನೆಯ ಕಲ್ಲಿನ ಸಂದಿಯಲ್ಲಿ.

ಮನೆಮಂದಿಯೆಲ್ಲ ನಾಲ್ಕು ದಿನ ನೆಂಟರ ಮದುವೆಗೆ ಹೋಗಬೇಕಾಗಿ ಬಂತು. ಬೀಗದ ಕೈ ಕಿರಿಯ ಅಳಿಯನ ಕೈಗೆ ಕೊಟ್ಟರು. ಆತನದು ಪೇಟೆಯಲ್ಲಿ ಲಾಂಡ್ರಿ. ಎಲ್ಲರೂ ಅವನನ್ನೂ ಲಾಂಡ್ರಿ ಎಂದೇ ಕರೆಯುತ್ತಿದ್ದರು. ತೊಳೆಯುವುದು ಅವನಿಗೆ ಬರೀ ಕಸುಬಾಗಿರಲಿಲ್ಲ, ಅದೊಂದು ಹುಚ್ಚು. ಸೋಪಿನ ಪುಡಿಯ ಪೊಟ್ಟಣ ಸದಾ ಜೇಬಿನಲ್ಲಿ. ನೆಂಟರ ಮನೆಗೆ ಹೋದರೆ ಕಾಫಿ ಕುಡಿಯುವ ಮುಂಚೆ ಲೋಟ ತೊಳೆಯುತ್ತಿದ್ದ, ಕುಡಿದ ಮೇಲೆ ಬಚ್ಚಲು ತೊಳೆಯುತ್ತಿದ್ದ. ಆಲೂಗಡ್ಡೆಗೆ ಸೋಪು, ಗೋಡೆ ಗಡಿಯಾರಕ್ಕೆ ಸೋಪು. ಒಮ್ಮೆ ಗಿರಾಕಿಯೊಬ್ಬ ಟೋಪಿ ತೊಳೆಯಲು ಕೊಡಲೆಂದು ಬಗ್ಗಿ ತಲೆ ಮುಂದೆ ಮಾಡಿದ್ದಕ್ಕೆ ತಲೆಸಮೇತ ತೊಳೆದು ಕಳಿಸಿದ್ದನಂತೆ. ಗಿರಾಕಿಗೆ ಅದು ಹಿಡಿಸಿ ತಿಂಗಳಿಗೊಮ್ಮೆ ಬರುತ್ತಾನಂತೆ.

ಮದುವೆಯಿಂದ ವಾಪಸು ಬಂದಾಗ ಯಜಮಾನ್ರು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದರು. ನೀರು ಕನ್ನಡಿಯಂತಿತ್ತು. ಎಂಟು ವರ್ಷದ ಪಾಚಿಗಟ್ಟಿದ್ದ ಕಲ್ಲುಗಳು ಫಳಫಳ ಹೊಳೆಯುತ್ತಿದ್ದವು.

“ಕಲ್ಲಲ್ಲೇ ಏನೋ ವಿಷ ಇತ್ತು ಅನ್ಸುತ್ತೆ ಭಾವ,” ಎಂದ ಲಾಂಡ್ರಿ, ಟವೆಲ್ಲಿನಿಂದ ಕಣ್ಣೊತ್ತಿಕೊಳ್ಳುತ್ತ. “ನೀರು ಬದಲಾಯಿಸ್ದೆ, ಕಲ್ಲು ನೀರಲ್ಲಿ ಅದ್ದಿ ತೆಗ್ದೆ, ಏನೇನೋ ಮಾಡ್ದೆ. ಉಳೀಲಿಲ್ಲ. ಹೊಳೆ ಕಲ್ಲು, ಏನೇನು ಹೀರ್ಕೊಂಡಿರುತ್ತೋ!”

ಮೇಸ್ತ್ರಿಗೆ ಅನುಮಾನ ಬಂತು. ಆದರೆ ಇಪ್ಪತ್ತು ವರ್ಷ ಕಟ್ಟುಹಲ್ಲಿನ ರಾಸಾಯನಿಕದ ಘಾಟು ಕುಡಿದು ಅವನ ಮೂಗು ಸತ್ತೇ ಹೋಗಿತ್ತು, ವಾಸನೆ ಹಿಡಿದು ಹೇಳುವಂತಿರಲಿಲ್ಲ. ಕಲ್ಲನ್ನು ಬಾಟಲಿ ನೀರಿಗೆ ಹಾಕಿ ಕುಲುಕಿ ನೊರೆ ಬರುತ್ತದೋ ನೋಡೋಣ ಎಂದು ಬಾಟಲಿ ಹುಡುಕಿ ತರುವಷ್ಟರಲ್ಲಿ ಅತ್ತೆಯ ಅಪ್ಪಣೆಯಂತೆ ಏಳೂ ಕಲ್ಲು ಕಸದ ಲಾರಿ ಹತ್ತಿ ಹೋಗಿದ್ದವು.

ಅಂದಿನಿಂದ ಅತ್ತೆ ಹಿರಿಯಳಿಯನ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಫ್ರಿಜ್ಜಿಗೆ ಹೇಳುತ್ತಿದ್ದರು. “ಕಂಡ ಕಂಡ ಕಲ್ಲು ತಂದು ಮನೆಯೊಳಗೆ ಇಟ್ರೆ ಇನ್ನೇನಾಗುತ್ತೆ ಹೇಳು,” ಎಂದು ಫ್ರಿಜ್ಜನ್ನು ಕೇಳುವರು. ಫ್ರಿಜ್ಜು ಗುರ್ ಎನ್ನುವುದು. ಅಷ್ಟೇ ಆಗಿದ್ದರೆ ಮೇಸ್ತ್ರಿ ಸಹಿಸುತ್ತಿದ್ದನೇನೋ. ಅವನು ಮಾಡಿಕೊಟ್ಟ ಕಟ್ಟುಹಲ್ಲನ್ನೂ ಅತ್ತೆ ತೆಗೆದು ಡಬ್ಬಿಗೆ ಹಾಕಿಬಿಟ್ಟರು. “ಆ ಕೈ ಮುಟ್ಟಿದ್ದು ನನ್ನ ಬಾಯಿಗೆ ಬೇಡ.” ಮೂರು ತಿಂಗಳಿಂದ ಬೊಚ್ಚುಬಾಯಲ್ಲೇ ಹಿಸುಕಿದ ಅನ್ನ ನುಂಗುತ್ತಿದ್ದರು. ಊರಿಗೆಲ್ಲ ಹಲ್ಲು ಕೊಟ್ಟವನ ಮನೆಯ ಜಗಲಿಯಲ್ಲಿ ಅವನ ಅತ್ತೆ ಬೊಚ್ಚುಬಾಯಿ ಬಿಟ್ಟುಕೊಂಡು ಕೂತರೆ, ಹಲ್ಲು ಕಟ್ಟಿಸಲು ಬಂದವರು ಗೇಟಿನಿಂದಲೇ ಹಿಂದಿರುಗುತ್ತಿದ್ದರು.

ಅತ್ತೆಯ ಬಾಯಿಂದ ‘ಕಲ್ಲಿನದು ತಪ್ಪಿಲ್ಲ’ ಎಂದು ಹೇಳಿಸಬೇಕು. ಹೇಳಿಸುವಾಗ ಲಾಂಡ್ರಿ ಎದುರಿಗೇ ನಿಂತಿರಬೇಕು. ಮೇಸ್ತ್ರಿಗೆ ಬೇಕಾಗಿದ್ದು ಇಷ್ಟೇ.

ಅವಕಾಶವನ್ನು ಲಾಂಡ್ರಿಯೇ ತಂದು ಕೊಟ್ಟ. ಅತ್ತೆಯ ಮುಂದೆ ಇನ್ನಷ್ಟು ಒಳ್ಳೆಯವನಾಗಲು ಹೊಸ ಗಾಜಿನ ತೊಟ್ಟಿಯೊಂದನ್ನು ಹೊತ್ತು ತಂದು ಮಂಚದ ಪಕ್ಕ ಇಟ್ಟ. ಅತ್ತೆ ಕಣ್ತುಂಬ ನೋಡಿ, ಮೀನಿಗೆ ಮಲಗಲು ಸಂದಿ ಬೇಡವೇ, ಕಲ್ಲು ಬೇಕು ಎಂದರು. ಆಮೇಲೆ ಫ್ರಿಜ್ಜಿನ ಕಡೆ ತಿರುಗಿ, “ಆರಿಸೋದು ಯಾರಾದ್ರೂ ಆರಿಸ್ಲಿ. ಶುದ್ಧ ಮಾಡೋದು ಮಾತ್ರ ಕಿರಿ ಅಳಿಯಂದ್ರೇ ಮಾಡ್ಬೇಕು,” ಎಂದರು.

“ನಾನು ಆರಿಸ್ಕೊಂಡು ಬರ್ತೀನಿ,” ಎಂದ ಮೇಸ್ತ್ರಿ ಬಹಳ ಮೆತ್ತಗೆ. “ಹೇಗೆ ತೊಳೀಬೇಕು ಅಂತ ಹೇಳಿಕೊಡ್ತೀನಿ. ಅವನೇ ತೊಳೀಲಿ.”

ಹೆಂಡತಿ ಅಡುಗೆಮನೆಗೆ ಎಳೆದುಕೊಂಡು ಹೋಗಿ, “ರೀ, ಇಷ್ಟು ಮೆತ್ತಗಾಗಿದ್ದೀರಲ್ಲ, ಜ್ವರ ಬಂದಿದ್ಯಾ?” ಎಂದು ಹಣೆ ಮುಟ್ಟಿ ನೋಡಿದಳು.

“ನೀನೊಂದು ಮಾತು ನಡೆಸಿಕೊಡು. ಭಾನುವಾರ ಈ ಮನೆಯಲ್ಲಿ ಯಾರೂ ಸೋಪು ಅನ್ನೋ ಶಬ್ದ ಎತ್ತಬಾರದು. ನಾನೂ ಎತ್ತಲ್ಲ.”

“ಯಾಕೆ?”

“ಸೋಪಿಂದ ಮೀನು ಸಾಯುತ್ತೆ ಅಂತ ಗೊತ್ತಿಲ್ಲದೆ ಲಾಂಡ್ರಿ ಅವತ್ತು ಕಲ್ಲಿಗೆ ಸೋಪು ಹಾಕಿದ್ರೆ, ಭಾನುವಾರಾನೂ ಹಾಕ್ತಾನೆ. ಕೋಳಿಮೊಟ್ಟೆ ತೊಳೆದು ಒಣಗಿಸಿ ಆಮ್ಲೆಟ್ ಮಾಡೋ ಮನುಷ್ಯ ಅವನು. ಸೋಪು ಮುಟ್ಟದೆ ಕಲ್ಲು ತೊಳೆದ ಅಂದ್ರೆ ಏನರ್ಥ?”

ಹೆಂಡತಿಗೆ ಅರ್ಥವಾಗಲು ಒಂದು ಒಗ್ಗರಣೆ ಸಿಡಿಯುವಷ್ಟು ಹೊತ್ತು ಹಿಡಿಯಿತು. “ಅವನಿಗೆ ಗೊತ್ತಿತ್ತು ಅಂತ!”

“ಅಷ್ಟೇ.”

“ಅಕಸ್ಮಾತ್ ಹಾಕಿಬಿಟ್ರೆ?”

ಮೇಸ್ತ್ರಿಯ ಮುಖ ಇಳಿಯಿತು. ಹಾಕಿಬಿಟ್ಟರೆ ಆ ಕಲ್ಲನ್ನು ಹಿತ್ತಲಿಗೆ ಎಸೆದು ಬೇರೆ ತಂದರಾಯಿತು, ತೊಟ್ಟಿಗೆ ಇನ್ನೂ ಮೀನು ಬಂದಿರಲಿಲ್ಲ. ಹೆದರಿಕೆ ಅದಲ್ಲ. ಲಾಂಡ್ರಿ ಏನೂ ಅರಿಯದ ದಡ್ಡ ಎಂದಾದರೆ ಅವನನ್ನು ಕ್ಷಮಿಸಬೇಕಾಗುತ್ತಿತ್ತು. ಆ ಯೋಚನೆಗೆ ಮೇಸ್ತ್ರಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಶನಿವಾರ ಹೊಳೆದಂಡೆಗೆ ಹೋಗಿ ಕಲ್ಲು ಆರಿಸಿದ. ಹಲ್ಲಿನ ಹುಳುಕು ಕೆದಕುವ ಕೊಕ್ಕೆಯನ್ನು ಜೊತೆಗೆ ಒಯ್ದಿದ್ದ. ಕೊಕ್ಕೆ ತಾಕಿಸಿದರೆ ಪುಡಿಯುದುರುವ ಕಲ್ಲನ್ನು ಬಿಟ್ಟ. ತುಕ್ಕಿನ ಬಣ್ಣದ ಗೆರೆ ಇದ್ದದ್ದನ್ನು, ಲೋಹದ ಹಾಗೆ ಮಿಣುಗುವ ಚುಕ್ಕೆ ಇದ್ದದ್ದನ್ನು ಬಿಟ್ಟ. ಮೀನಿನ ಮೈ ತರಚುವಂಥ ಚೂಪು ಅಂಚಿನದನ್ನೂ ಬಿಟ್ಟ. ಹನ್ನೆರಡು ಒಳ್ಳೆಯವು ಸಿಕ್ಕವು. ಹದಿಮೂರನೆಯದಾಗಿ, ಬೇಕೆಂದೇ, ಸುಣ್ಣದ ಕಲ್ಲೊಂದನ್ನು ಚೀಲಕ್ಕೆ ಹಾಕಿದ. ಪಾಠ ಮಾಡುವವನಿಗೆ ಕೆಟ್ಟ ಉದಾಹರಣೆಯೂ ಒಂದು ಬೇಕು.

ಭಾನುವಾರ ಬೆಳಿಗ್ಗೆ ಹಿತ್ತಲ ನಲ್ಲಿಯ ಪಕ್ಕ ಎರಡು ಬಕೆಟ್, ಒಂದು ಗಟ್ಟಿ ಬ್ರಷ್ಷು, ವಿನೆಗರ್ ಬಾಟಲಿ. ನಲ್ಲಿಯ ಕಟ್ಟೆಯ ಮೇಲೆ, ಯಾರೋ ಮರೆತು ಬಿಟ್ಟುಹೋದಂತೆ, ಪಾತ್ರೆ ತೊಳೆಯುವ ಸೋಪಿನ ದೊಡ್ಡ ಬಾಟಲಿ, ಮುಚ್ಚಳ ತೆಗೆದೇ ಇಟ್ಟಿತ್ತು. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತರು. ಲಾಂಡ್ರಿ ತೋಳು ಮಡಚಿಕೊಂಡು ಬಂದ, ಜೊತೆಯಲ್ಲಿ ಅವನ ಹೆಂಡತಿ, ಎಂದರೆ ಮೇಸ್ತ್ರಿಯ ನಾದಿನಿ. ಮನಸ್ಸಿಗೆ ಬಂದದ್ದು ಬಾಯಿಗೆ ಬರುವ ಮುಂಚೆ ಎಲ್ಲೂ ನಿಲ್ಲದ ಹೆಣ್ಣುಮಗಳು.

“ಹೇಳಿ ಭಾವ, ನಿಮ್ಮ ಶಿಷ್ಯ ರೆಡಿ,” ಎಂದ ಲಾಂಡ್ರಿ. “ಈ ಸಲ ಯಾವ ವಿಷಾನೂ ಉಳೀಬಾರ್ದು, ಅಲ್ವಾ ಅತ್ತೆ?”

ಮೇಸ್ತ್ರಿ ಹಲ್ಲು ಕಚ್ಚಿದ. ಸ್ವಂತ ಹಲ್ಲಾದ್ದರಿಂದ ಜೋರಾಗಿಯೇ ಕಚ್ಚಿದ. “ಮೊದಲು ಒಂದೊಂದು ಕಲ್ಲಿನ ಮೇಲೂ ಎರಡು ಹನಿ ವಿನೆಗರ್ ಬಿಡು.”

ಹನ್ನೆರಡು ಕಲ್ಲಿನ ಮೇಲೆ ಹನಿ ಸುಮ್ಮನೆ ಕೂತಿತು. ಹದಿಮೂರನೆಯದರ ಮೇಲೆ ಬುಸ್ಸೆಂದು ಗುಳ್ಳೆ ಎದ್ದಿತು. ಲಾಂಡ್ರಿ ಎರಡು ಹೆಜ್ಜೆ ಹಿಂದೆ ಹಾರಿದ.

“ಅಯ್ಯಯ್ಯೋ, ಇದೇನ್ ಭಾವ, ಅವತ್ತಿನ ಥರಾನೇ ನೊರೆ!”

“ಯಾವತ್ತಿನ ಥರ?”

“ಅದೇ... ಅಂಗಡೀಲಿ ಬಟ್ಟೆ ನೆನೆಹಾಕಿದಾಗ ಬರುತ್ತಲ್ಲ, ಅದರ ಥರ.”

“ಓಹೋ,” ಎಂದ ಮೇಸ್ತ್ರಿ. “ಇದರಲ್ಲಿ ಸುಣ್ಣ ಇದೆ. ನೀರಿಗೆ ಹಾಕಿದ್ರೆ ಕರಗ್ತಾ ಕರಗ್ತಾ ನೀರಿನ ಗುಣಾನೇ ಬದಲಾಯಿಸುತ್ತೆ. ಬದೀಗಿಡು. ಉಳಿದದ್ದನ್ನ ಈಗ ತಿಕ್ಕು. ಸಂದಿಗೊಂದಿ ಬಿಡಬೇಡ. ಹುಳ, ಮಣ್ಣು, ಪಾಚಿ, ಎಲ್ಲ ಹೋಗಬೇಕು.”

ಬರೀ ತಿಕ್ಕು ಎಂದ. ಏನು ಹಾಕಿ ತಿಕ್ಕು ಎನ್ನಲಿಲ್ಲ. ಮೇಸ್ತ್ರಿಯ ಹೆಂಡತಿ ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಳು.

ಲಾಂಡ್ರಿ ಕುಕ್ಕರಗಾಲಲ್ಲಿ ಕೂತು ಮೊದಲ ಕಲ್ಲು ಹಿಡಿದ. ಅವನ ಎಡಗೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು. ಪೊಟ್ಟಣ ಮುಟ್ಟಿತು. ಬೆಂಕಿ ಮುಟ್ಟಿದಂತೆ ವಾಪಸು ಬಂತು. ಆಮೇಲೆ ಬರೀ ನೀರಲ್ಲಿ ತಿಕ್ಕತೊಡಗಿದ. ಮೇಸ್ತ್ರಿ ನಲ್ಲಿ ನಿಲ್ಲಿಸುವ ನೆವದಲ್ಲಿ ಹೋಗಿ ಸೋಪಿನ ಬಾಟಲಿಯನ್ನು ಅವನ ಮೊಣಕಾಲಿನ ಹತ್ತಿರ ಸರಿಸಿದ. ಲಾಂಡ್ರಿ ಮೊಣಕೈಯಿಂದ ದೂರ ತಳ್ಳಿದ. ಮೇಸ್ತ್ರಿ ಬ್ರಷ್ಷು ಎತ್ತಿಕೊಡುವ ನೆವದಲ್ಲಿ ಮತ್ತೆ ಸರಿಸಿದ. ಲಾಂಡ್ರಿ ಕಾಲಿನಿಂದ ತಳ್ಳಿದ. ಮೂರನೆಯ ಸಲ ಬಾಟಲಿಯನ್ನೇ ಎತ್ತಿ, ಮುಚ್ಚಳ ಹುಡುಕಿ ಗಟ್ಟಿಯಾಗಿ ತಿರುವಿ, ಗೋಡೆಯ ಆಚೆ ಬದಿಗೆ ಇಟ್ಟು ಬಂದ. ಬಂದವನು ಕೈಯನ್ನು ಬರೀ ನೀರಲ್ಲಿ ಎರಡು ಸಲ ತೊಳೆದುಕೊಂಡು ಮತ್ತೆ ಕಲ್ಲು ಹಿಡಿದ. ಒಂದು ಗಂಟೆ ಕಳೆಯಿತು. ಹಣೆಯ ಬೆವರು ಮೂಗಿನ ತುದಿಗೆ ಇಳಿಯಿತು. ತಲೆ ಸಮೇತ ಟೋಪಿ ತೊಳೆದಿದ್ದ ಮನುಷ್ಯ ಹನ್ನೆರಡು ಹೊಳೆ ಕಲ್ಲುಗಳನ್ನು ಒಂದು ಚಿಟಿಕೆ ಪುಡಿಯಿಲ್ಲದೆ ತೊಳೆದು ಮುಗಿಸಿದ.

ಮೇಸ್ತ್ರಿಯ ಎದೆ ಹಿಗ್ಗಿತು. ಮದುವೆಯಾದ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ, ಹೆಂಡತಿ ಎದುರಿಗಿದ್ದುದರಿಂದ ಅದನ್ನು ಯಾರಿಗೂ ಹೇಳಲಿಲ್ಲ.

“ಆಯ್ತು ಭಾವ. ಇನ್ನು ಪಾತ್ರೆಗೆ ಹಾಕಿ ಕುದಿಸ್ಲಾ?”

“ಬೇಡ ಬೇಡ. ಕಲ್ಲೊಳಗೆ ನೀರು ಸಿಕ್ಕಿಹಾಕ್ಕೊಂಡಿದ್ರೆ ಕುದಿಸಿದಾಗ ಸಿಡಿಯುತ್ತೆ. ಬಕೆಟ್ಟಲ್ಲಿಟ್ಟು ಮೇಲಿಂದ ಬಿಸಿನೀರು ಸುರಿದು ಆರೋಕೆ ಬಿಡು. ಆಮೇಲೆ ಒಂದು ವಾರ ತಣ್ಣೀರಲ್ಲಿ ನೆನೆಯಲಿ, ದಿನಾ ನೀರು ಬದಲಾಯಿಸು.” ಮೇಸ್ತ್ರಿ ಒಂದು ಕಲ್ಲು ಎತ್ತಿ ಬಿಸಿಲಿಗೆ ಹಿಡಿದ. “ಅಲ್ಲಯ್ಯ, ಬರೀ ನೀರಲ್ಲಿ ತೊಳೆದ್ಯಲ್ಲ. ಇಲ್ಲಿ ನೋಡು, ಜಿಡ್ಡು ಹಾಗೇ ಇದೆ. ನಿನ್ನ ಜೇಬಲ್ಲಿರೋ ಪುಡಿ ಸ್ವಲ್ಪ ಉದುರಿಸೋದಲ್ವಾ?”

“ಪುಡೀನಾ!” ಲಾಂಡ್ರಿ ಕಲ್ಲನ್ನು ಅವನ ಕೈಯಿಂದ ಕಿತ್ತುಕೊಂಡು ಎದೆಗೆ ಅವಚಿಕೊಂಡ. “ತಲೆ ಕೆಟ್ಟಿದ್ಯಾ ಭಾವ? ಕಲ್ಲು ಸೋಪು ಕುಡ್ಕೊಂಡುಬಿಡುತ್ತೆ. ಎಷ್ಟು ತೊಳೆದ್ರೂ ಹೋಗಲ್ಲ. ಮೀನಿನ ಕಿವಿರು ಸುಟ್ಟುಹೋಗುತ್ತೆ, ಒಂದೇ ದಿನಕ್ಕೆ ಮೇಲೆ ತೇಲುತ್ತೆ!”

ಅತ್ತೆ ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದುಕೊಂಡರು.

“ಇದನ್ನ ನಿನಗೆ ಯಾರಪ್ಪ ಹೇಳಿದ್ದು?” ಎಂದ ಮೇಸ್ತ್ರಿ.

“ಯಾರು ಅಂದ್ರೆ? ನೀವೇ. ಈಗ ತಾನೇ.”

“ನಾನು ವಿನೆಗರ್ ಅಂದೆ. ಬ್ರಷ್ ಅಂದೆ. ಬಿಸಿನೀರು ಅಂದೆ. ಬೇರೆ ಏನಾದ್ರೂ ಅಂದ್ನಾ ಅತ್ತೆ?”

ಅತ್ತೆ ಫ್ರಿಜ್ಜಿಗಾಗಿ ಅತ್ತ ಇತ್ತ ನೋಡಿದರು. ಅದು ಒಳಗಿತ್ತು. ಮೂರು ತಿಂಗಳ ಮೇಲೆ ಮೊದಲ ಸಲ ಅಳಿಯನ ಮುಖ ನೋಡಿಯೇ ಹೇಳಿದರು. “ಇಲ್ಲ. ಬೆಳಗಿಂದ ಕಿವಿಗೊಟ್ಟು ಕೂತಿದ್ದೀನಿ. ಆ ಮಾತು ಬರಲೇ ಇಲ್ಲ.”

“ಮೀನಿನ ಅಂಗಡಿಯವನು ಹೇಳಿದ ಅತ್ತೆ,” ಎಂದ ಲಾಂಡ್ರಿ ಅವಸರವಾಗಿ. “ಈ ಹೊಸ ತೊಟ್ಟಿ ತಗೊಳ್ಳೋವಾಗ. ಹೋದ ವಾರ.”

“ಹೋದ ವಾರ ಎಲ್ರೀ?” ಎಂದಳು ನಾದಿನಿ, ಗಂಡನಿಗೆ ನೆರವಾಗುವ ಉತ್ಸಾಹದಲ್ಲಿ. “ಹೋದ ವಾರ ಅಂಗಡೀಲಿ ಅವನ ಹೆಂಡತಿ ಇದ್ಲು, ನಾನೂ ಬಂದಿದ್ನಲ್ಲ. ಅವನು ಹೇಳಿದ್ದು ಅವತ್ತು. ಅಕ್ಕ ಭಾವ ಮದುವೇಲಿದ್ರಲ್ಲ, ಎರಡನೇ ದಿನ. ಅದೇ ಅಳತೆ, ಅದೇ ಬಣ್ಣದ ಮೀನು ಬೇಕು ಅಂತ ಓಡಿ ಹೋಗಿ ಸಿಗದೆ ಬಂದು ಊಟಾನೂ ಮಾಡ್ಲಿಲ್ಲ. ಮರೆತೇಬಿಟ್ರಾ?”

ಲಾಂಡ್ರಿ ಹೆಂಡತಿಯ ಕಡೆ ನೋಡಿದ ನೋಟಕ್ಕೆ ಹಸಿ ಬಟ್ಟೆ ಒಣಗಿಬಿಡುತ್ತಿತ್ತು. ಆಗ ಅವಳಿಗೂ ಅರ್ಥವಾಗಿ ಕೈ ಬಾಯಿಗೆ ಹೋಯಿತು, ಆದರೆ ತಡವಾಗಿತ್ತು.

ಅತ್ತೆ ಎದ್ದರು. ಒಳಗೆ ಹೋದರು. ಡಬ್ಬಿಯ ಮುಚ್ಚಳ ಬಿಚ್ಚಿದ ಸದ್ದಾಯಿತು. ಹೊರಗೆ ಬಂದಾಗ ಬಾಯ್ತುಂಬ ಹಲ್ಲಿತ್ತು. ಸಿಟ್ಟು ನೆತ್ತಿಗೇರಿದಷ್ಟೂ ಅತ್ತೆಯ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತಿತ್ತು, ಇದು ಇಡೀ ಕುಟುಂಬಕ್ಕೆ ಗೊತ್ತಿದ್ದದ್ದೇ.

“ಅಳಿಯಂದ್ರು ದಯಮಾಡಿ ಇಲ್ಲಿ ಬಂದು ಕೂರೋಣವಾಗಲಿ,” ಎಂದರು.

ಲಾಂಡ್ರಿ ಕೂರದೆ ಕೈಮುಗಿದ. “ಅತ್ತೆ, ಬೇಕಂತ ಮಾಡಿಲ್ಲ. ಕಲ್ಲು ನೋಡೋಕಾಗ್ತಿರ್ಲಿಲ್ಲ ಅತ್ತೆ, ಅಷ್ಟು ಕೊಳೆ. ನೀವು ಬಂದಾಗ ಖುಷಿಪಡ್ತೀರ ಅಂತ ಸ್ವಲ್ಪ ಪುಡಿ ಹಾಕಿ...”

“ತೊಳೆದದ್ದು ಹೋಗ್ಲಿ. ಅದು ಕೈಯ ದೋಷ ಅಂತ ಬಿಡ್ತಿದ್ದೆ. ಆಮೇಲೆ ಗೊತ್ತಾದ ಮೇಲೂ ತಪ್ಪನ್ನ ಇವರ ಕಲ್ಲಿನ ಮೇಲೆ ಹಾಕಿದ್ರಲ್ಲ ತಾವು, ಅದನ್ನ ಯಾವ ಪುಡಿ ಹಾಕಿ ತೊಳೀತೀರಿ? ಮೂರು ತಿಂಗಳು ನಾನು ಫ್ರಿಜ್ಜಿನ ಜೊತೆ ಸಂಸಾರ ಮಾಡಿದೆ.” ಅತ್ತೆ ಹಿರಿಯಳಿಯನ ಕಡೆ ತಿರುಗಿದರು. “ಕಲ್ಲಿನದು ತಪ್ಪಿಲ್ಲ. ನಿಮ್ಮದೂ ಇಲ್ಲ. ಇವರಿಗೆ ಏನು ಮಾಡ್ಬೇಕೋ ನೀವೇ ಹೇಳಿ.”

ಬಯಸಿದ ಮಾತು ಬಂದಾಗಿತ್ತು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಲಾಂಡ್ರಿಯಂತೂ ಭಾವ ಈಗ ದೊಡ್ಡಮನಸ್ಸು ಮಾಡುತ್ತಾನೆಂದು ಆಸೆಗಣ್ಣಿನಿಂದ ನೋಡುತ್ತಿದ್ದ. ಮೇಸ್ತ್ರಿ ತೊಳೆದ ಕಲ್ಲುಗಳನ್ನು ನೋಡಿದ, ಲಾಂಡ್ರಿಯ ನೀರುಗಟ್ಟಿ ಸುಕ್ಕಾದ ಬೆರಳು ನೋಡಿದ. ಮೂರು ತಿಂಗಳಲ್ಲಿ ಬರೆದ ಇಪ್ಪತ್ತೇಳರಲ್ಲೂ ಇರದ ಉಪಾಯ ಅರೆಗಳಿಗೆಯಲ್ಲಿ ಬಂತು.

“ಈ ತೊಟ್ಟಿ, ಈ ಕಲ್ಲು ಇವನ ಅಂಗಡಿಗೇ ಹೋಗ್ಲಿ ಅತ್ತೆ. ಬೀದಿಗೆ ಕಾಣೋ ಗಾಜಿನ ಕಿಟಕಿಯಲ್ಲಿ, ‘ಇಲ್ಲಿ ಎಲ್ಲ ಕಲೆ ತೆಗೆಯಲಾಗುತ್ತದೆ’ ಅಂತ ಬೋರ್ಡಿದೆಯಲ್ಲ, ಅದರ ಕೆಳಗೆ. ಎರಡು ಮೀನು ಬಿಡ್ಲಿ. ನೀರು ಬದಲಾಯಿಸ್ಲಿ, ಊಟ ಹಾಕ್ಲಿ. ಮೀನು ಇರೋವರೆಗೂ ಕಲ್ಲು ಮಾತ್ರ ಮುಟ್ಟಬಾರದು.”

“ಅಷ್ಟೇನಾ?” ಎಂದ ಲಾಂಡ್ರಿ, ಹೋದ ಜೀವ ಬಂದವನಂತೆ. “ಅಷ್ಟೇ ತಾನೆ ಭಾವ?”

“ಅಷ್ಟೇ ಕಣಯ್ಯ.”

ಕಲ್ಲು ವಾರವಿಡೀ ನೆನೆದವು. ತೊಟ್ಟಿ ಕಿಟಕಿಗೆ ಬಂತು, ಎರಡು ಹೆಬ್ಬೆರಳಿನಷ್ಟು ಮೀನು ಬಂದವು. ಒಂದು ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ಕಲ್ಲುಗಳ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತು. ಮೂರನೆಯ ತಿಂಗಳು ಹಸಿರು ಬಂತು. ಆಮೇಲೆ ಆ ಹಸಿರಿಗೆ ಗಡ್ಡ ಬಂತು. ಮೀನುಗಳು ಅದನ್ನು ಮೇಯುತ್ತ ದಷ್ಟಪುಷ್ಟವಾದವು. ಬೀದಿಯಲ್ಲಿ ಹೋಗುವವರು ನಿಂತು ಬೋರ್ಡು ಓದಿ, ಕೆಳಗೆ ತೊಟ್ಟಿ ನೋಡಿ, ತಮ್ಮ ಬಿಳಿ ಅಂಗಿಯನ್ನು ತಿರುಗಿ ಕಂಕುಳಿಗೆ ಸೇರಿಸಿಕೊಂಡು ಮುಂದೆ ಹೋದರು. ಟೋಪಿಯವನು ಮಾತ್ರ ನಿಯತ್ತಾಗಿ ಬಂದ. ಅವನೂ ಬಗ್ಗುವ ಮುಂಚೆ, “ನಿಮ್ಮ ಕೈ ಮೊದಲಿನ ಹಾಗೇ ಇದೆ ತಾನೆ?” ಎಂದು ಕೇಳಿದನಂತೆ.

ಮೇಸ್ತ್ರಿ ದಿನಾ ಸಂಜೆ ಒಂದೇ ಒಂದು ಕರವಸ್ತ್ರ ಇಸ್ತ್ರಿಗೆ ತಂದು, ಆಗುವವರೆಗೆ ಅಂಗಡಿಯ ಬೆಂಚಿನ ಮೇಲೆ ಕೂತು ತೊಟ್ಟಿ ನೋಡುತ್ತಿದ್ದ. ಹನ್ನೆರಡು ಕಲ್ಲಿನ ಪಾಚಿಯೂ ಅವನಿಗೆ ಬಾಯಿಪಾಠ. ಒಂದು ಎಳೆ ಕಡಿಮೆಯಾದರೂ ಗೊತ್ತಾಗುತ್ತಿತ್ತು.

ಒಂದು ಸಂಜೆ ಲಾಂಡ್ರಿ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಬಂದು ಅವನ ಕಾಲಬುಡದಲ್ಲಿ ಕೂತ. ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಏನನ್ನೋ ತಿಕ್ಕುತ್ತಿದ್ದವು.

“ಭಾವ, ಒಂದು ಕಲ್ಲು. ಒಂದೇ ಒಂದು. ಬರೀ ನೀರಲ್ಲಿ, ಬರೀ ಬೆರಳಲ್ಲಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಮೀನು ಇರೋವರೆಗೂ ಅಂತ ಅಲ್ವಾ ಮಾತಾಗಿರೋದು.”

“ಇವು ಎಷ್ಟು ದಿನ ಇರ್ತವೆ ಭಾವ?”

ಮೇಸ್ತ್ರಿ ತೊಟ್ಟಿಯ ಹತ್ತಿರ ಹೋಗಿ ಬಗ್ಗಿ, ರೋಗಿಯ ಬಾಯಿ ನೋಡುವಷ್ಟು ಗಮನದಿಂದ ಎರಡು ಮೀನನ್ನೂ ನೋಡಿದ. ಹೊಟ್ಟೆ ತುಂಬಿ, ಬಣ್ಣ ಏರಿ, ಹಸಿರು ಗಡ್ಡದ ನಡುವೆ ಅವು ತಣ್ಣಗೆ ಓಡಾಡಿಕೊಂಡಿದ್ದವು.

“ಸರಿಯಾಗಿ ನೋಡ್ಕೊಂಡ್ರೆ ಇಪ್ಪತ್ತು ವರ್ಷ,” ಎಂದ. ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. “ನೀನು ನೋಡ್ಕೋತೀಯ ಬಿಡು. ವಾರಕ್ಕೊಂದು ಸಲ ಅತ್ತೆ ಬಂದು ಎಣಿಸ್ತಾರೆ.”